ಹಲಸಿನ ಮರದೊಳಗಿನ ಕಂದು ಗೆರೆ

ಆ ತೋಟದ ಹಲಸಿನ ಮರಗಳು ಸಮವಸ್ತ್ರ ತೊಟ್ಟು ನಿಂತಿದ್ದವು. ನೆಲದಿಂದ ಸೊಂಟದೆತ್ತರಕ್ಕೆ ಕೆಮ್ಮಣ್ಣು, ಅದರ ಮೇಲೆ ಒಂದು ಗೇಣು ಸುಣ್ಣದ ಪಟ್ಟೆ. ಸಾಲಿನ ಕೊನೆಯಲ್ಲಿ ನಿಂತು ನೋಡಿದರೆ ಎಲ್ಲ ಪಟ್ಟೆಗಳೂ ದಾರ ಹಿಡಿದು ಎಳೆದಂತೆ ಒಂದೇ ಮಟ್ಟದಲ್ಲಿರುತ್ತಿದ್ದವು. ಹಲಸೂರು ಕೆರೆಯಿಂದ ಪೂರ್ವಕ್ಕೆ, ಈಗ ಇಂದಿರಾನಗರ ಎನ್ನುವ ಕಡೆ, ಆಗ ಬರೀ ಹೊಲ ತೋಟಗಳಿದ್ದ ಜಾಗ ಅದು. ಯುದ್ಧದ ಕಾಲದಲ್ಲಿ ಮಿಲಿಟರಿಯವರು ಅದನ್ನು ವಶಕ್ಕೆ ತೆಗೆದುಕೊಂಡು ಡೇರೆ ಹಾಕಿದ್ದರು. ದೊಡ್ಡ ಅಧಿಕಾರಿ ತಪಾಸಣೆಗೆ ಬರುತ್ತಾನೆ ಎಂದರೆ ಅಲ್ಲಾಡದೆ ನಿಂತದ್ದಕ್ಕೆಲ್ಲ ಬಣ್ಣ ಬಳಿಯುವುದು ದಂಡಿನವರ ಪದ್ಧತಿ. ಕಲ್ಲಿಗೂ ಅದೇ, ಕಂಬಕ್ಕೂ ಅದೇ, ಮರಕ್ಕೂ ಅದೇ. ಯುದ್ಧ ಮುಗಿದು ಡೇರೆ ಕಿತ್ತ ಮೇಲೆ ತೋಟ ಅದರ ಯಜಮಾನಿಯ ಕೈಗೆ ಮರಳಿ ಬಂತು. ಡೇರೆಗಳು ಹೋದರೂ ಬಣ್ಣ ಹೋಗಲಿಲ್ಲ. ಆಕೆಗೆ ಅದು ಬಹಳ ಹಿಡಿಸಿಬಿಟ್ಟಿತ್ತು. ಹಬ್ಬ ಬಂದಾಗಲೆಲ್ಲ ತಾನೇ ಮುಂದೆ ನಿಂತು ಬಳಿಸುತ್ತಿದ್ದಳು.

“ಸೋಲ್ಜರುಗಳು ಹೋದ್ರೂ ನನ್ ಮರಗಳು ಅಟೆನ್ಷನ್‌ನಲ್ಲೇ ನಿಂತವೆ, ನೋಡಪ್ಪಾ,” ಎಂದು ಮೊದಲ ಸಲ ಹೋದಾಗ ನನಗೆ ತೋರಿಸಿದಳು.

ನಿಂತಿದ್ದವು ನಿಜ, ಆದರೆ ಸಾಯುತ್ತಲೂ ಇದ್ದವು. ಹಿಂದಿನ ಮಳೆಗಾಲದಲ್ಲಿ ಎರಡು ಮರ ಪೂರ್ತಿ ಒಣಗಿದ್ದವು. ಈಗ ಇನ್ನೂ ಹಲವು ಮರಗಳ ನೆತ್ತಿ ಬೋಳಾಗುತ್ತಿತ್ತು. ಬುಡದ ಹತ್ತಿರ ಕೂತು ನೋಡಿದರೆ ಕೆಮ್ಮಣ್ಣಿನ ಮೇಲೆ ಅಂಗೈಯಗಲದ ಒದ್ದೆ ಕಲೆ, ಕಲೆಯ ನಡುವೆ ಬಿರುಕು, ಬಿರುಕಿನಿಂದ ಜಿನುಗುವ ಕಂದು ನೀರು. ಕೆಂಪಿನ ಮೇಲೆ ಕಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲೆ ಉದುರುವ ಹೊತ್ತಿಗೆ ಬುಡ ಸುತ್ತಲೂ ಕೊಳೆತಿರುತ್ತಿತ್ತು.

ನಾನಾಗ ಕೃಷಿ ಇಲಾಖೆಯ ಸಸ್ಯರೋಗ ವಿಭಾಗದಲ್ಲಿ ಸಹಾಯಕ. ಕೆಲಸ ಖಾಯಂ ಆಗಿರಲಿಲ್ಲ. ಆದರೆ ಜಾಗ ಸಿಕ್ಕಲ್ಲೆಲ್ಲ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆದುಕೊಳ್ಳುತ್ತಿದ್ದೆ. ಅದರಲ್ಲಿ ನನಗೆ ಸಂಕೋಚ ಇರಲಿಲ್ಲ, ಈಗಲೂ ಇಲ್ಲ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು ನಾನು. ಅಪ್ಪ ಮರ ಕೊಯ್ಯುವವನು. ಕೃಷ್ಣರಾಜಪುರದಿಂದ ಬೆಳಗಿನ ರೈಲಿಗೆ ಬಂದು, ಈಗ ಶಿವಾಜಿನಗರ ಎನ್ನುವ ಬ್ಲಾಕ್‌ಪಲ್ಲಿಯ ಒಂದು ಟಿಂಬರ್ ಡಿಪೋದಲ್ಲಿ ದಿನವೆಲ್ಲ ಗರಗಸ ಎಳೆಯುತ್ತಿದ್ದ. ಆ ಡಿಪೋದ ಸಾಹುಕಾರರೇ ಈ ತೋಟದ ಮರಗಳನ್ನು ಒಟ್ಟಿಗೆ ಕೊಳ್ಳುತ್ತೇನೆಂದು ಮುಂದೆ ಬಂದವರು. ಹಲಸಿನ ಹಳದಿ ಮರಕ್ಕೆ ಬಾಗಿಲು, ಪೆಟ್ಟಿಗೆ, ವೀಣೆ ಮಾಡುವವರ ಹತ್ತಿರ ಒಳ್ಳೆ ಗಿರಾಕಿ. ಅಕ್ಕಪಕ್ಕದ ತೋಟದವರೂ ರೋಗ ತಮ್ಮ ಕಡೆ ಹರಡುವ ಮೊದಲು ಎಲ್ಲವನ್ನೂ ಕಡಿಸಿ ಎಂದು ಇಲಾಖೆಗೆ ದೂರಿದ್ದರು. ಕಡಿಯಬೇಕೋ ಉಳಿಸಬೇಕೋ ಎಂದು ಬರೆದು ಕೊಡಬೇಕಾದವರು ನನ್ನ ಮೇಲಧಿಕಾರಿಗಳು. ನೋಡಿಕೊಂಡು ಬಾ ಎಂದು ಅವರು ನನ್ನನ್ನು ಕಳಿಸಿದ್ದರು.

“ಕಡಿಯೋದಾದ್ರೆ ನನ್ನನ್ನೂ ಕಡಿದು ಗಾಡಿ ಮೇಲೆ ಹಾಕ್ಕೊಂಡ್ ಹೋಗಿ,” ಎಂದಳು ಯಜಮಾನಿ. ಗಂಡನಿಲ್ಲದ ಹೆಂಗಸು, ಮಕ್ಕಳೂ ಇರಲಿಲ್ಲ. ಅವಳಿಗೆ ಆ ತೋಟವೇ ಸಂಸಾರ. ಮಾತು ಹರಿತವಾಗಿತ್ತು. “ದಂಡಿನವರು ತೋಟ ಕಿತ್ಕೊಂಡಾಗ ಕೂಡ ಒಂದು ಕೊಂಬೆ ಮುಟ್ಟೋಕೆ ಬಿಟ್ಟಿಲ್ಲ ನಾನು. ಈಗ ನೀನು ಬಂದು ಏನಂತೀಯ?”

“ಕಡಿಯೋಕೆ ಬಂದಿಲ್ಲಮ್ಮಾ. ಔಷಧಿ ಮಾಡೋಕೆ ಬಂದಿದ್ದೀನಿ.”

ಧೈರ್ಯವಾಗಿಯೇ ಹೇಳಿದೆ. ರೋಗ ಯಾವುದೆಂದು ನನಗೆ ಗೊತ್ತಿತ್ತು. ಇದು ರೊಟ್ಟಿಯ ಮೇಲೆ ಬರುವ ಬೂಷ್ಟಿನಂಥದ್ದಲ್ಲ, ನೀರುಬೂಷ್ಟು. ಅಡಿಕೆಗೆ ಕೊಳೆರೋಗ ತರುವುದೂ ಇದರ ಬಳಗವೇ. ಇದರ ಬೀಜಕಣಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ತೊಗಟೆಯಲ್ಲಿ ಗಾಯ ಸಿಕ್ಕಿದರೆ ಅಲ್ಲಿ ಅಂಟಿ ಎಳೆ ಬಿಡುತ್ತವೆ. ಪುಸ್ತಕಗಳು ಹೇಳುತ್ತಿದ್ದದ್ದು ಇಷ್ಟು: ಇದು ತೊಗಟೆಯ ರೋಗ. ತೊಗಟೆಯನ್ನೂ ಅದರ ಕೆಳಗಿನ ಹಸಿ ಪೊರೆಯನ್ನೂ ಕೊಲ್ಲುತ್ತದೆ, ಮರದೊಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಕೊಳೆತ ತೊಗಟೆಯನ್ನು ಹಸಿ ಅಂಚು ಕಾಣುವವರೆಗೆ ಕೆತ್ತಿ ತೆಗೆದು, ಮೈಲುತುತ್ತ ಮತ್ತು ಸುಣ್ಣ ಅರೆದ ಬೋರ್ಡೋ ಮುಲಾಮು ಬಳಿದರೆ ಸಾಕು.

ಆ ಚಳಿಗಾಲದಲ್ಲಿ ಹಾಗೇ ಮಾಡಿದೆ. ಸ್ವತಃ ಉಳಿ ಹಿಡಿದು ಒಂದೊಂದೇ ಮರದ ಬುಡದಲ್ಲಿ ಕೂತು ಕೆತ್ತಿದೆ. ಕಂದು ತೊಗಟೆ ಮುಗಿದು ಬಿಳಿ ತೊಗಟೆ ಹಾಲು ಸುರಿಸುವ ಜಾಗದಲ್ಲಿ ನಿಲ್ಲಿಸಿ, ಅದರಾಚೆಗೂ ಎರಡು ಬೆರಳಷ್ಟು ತೆಗೆದು, ಒಣಗಲು ಬಿಟ್ಟು ಮುಲಾಮು ಹಚ್ಚಿದೆ. ಬೇಸಿಗೆಯ ಹೊತ್ತಿಗೆ ಗಾಯದ ಸುತ್ತ ಹೊಸ ತೊಗಟೆ ತುಟಿಯ ಹಾಗೆ ಉಬ್ಬಿ ಬಂತು. ಬಾವಿಯ ಪಕ್ಕದ ಮರವಂತೂ ಗಾಯವನ್ನು ಪೂರ್ತಿ ಮುಚ್ಚಿಕೊಂಡುಬಿಟ್ಟಿತು. ಅದು ಯಜಮಾನಿಯ ಅಚ್ಚುಮೆಚ್ಚಿನ ಮರ. ಅದರ ತೊಳೆ ಜೇನಿಗಿಂತ ಸಿಹಿ ಎಂದು ಹಲಸೂರಿನ ಅರ್ಧ ಊರಿಗೆ ಹಂಚುತ್ತಿದ್ದಳು. ಅಧಿಕಾರಿಗಳು ಬಂದು ನೋಡಿ, “ಗುಡ್, ನೀಟಾಗಿ ಮಾಡಿದ್ದೀರಿ ಕಣ್ರೀ,” ಎಂದರು. ಆ ವಾರವೆಲ್ಲ ನಾನು ನೆಲದಿಂದ ಒಂದು ಗೇಣು ಮೇಲೆ ನಡೆದೆ.

ಮುಂಗಾರು ಬಿತ್ತು. ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಯಜಮಾನಿ ಕಚೇರಿಗೇ ಬಂದಳು. ಯಾರನ್ನೂ ಕೇಳದೆ ಒಳಗೆ ಬಂದು, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ತೊಗಟೆಯ ತುಂಡನ್ನು ನನ್ನ ಮೇಜಿನ ಮೇಲಿಟ್ಟಳು. ಕಂದು ನೀರು ಒಸರುತ್ತಿತ್ತು.

“ಔಷಧಿ ಮಾಡಿದ್ಯಲ್ಲ, ನೋಡು. ಮೊದ್ಲಿಗಿಂತ ಮೇಲೆ ಹತ್ತಿದೆ.”

ಹೋಗಿ ನೋಡಿದೆ. ಅವಳ ಮಾತು ನಿಜ. ನಾನು ಕೆತ್ತಿದ ಗಾಯದ ಅಂಚಿನಲ್ಲಲ್ಲ, ಅದಕ್ಕಿಂತ ಒಂದು ಗೇಣು, ಒಂದೂವರೆ ಗೇಣು ಮೇಲೆ, ಸುಣ್ಣದ ಪಟ್ಟೆಯನ್ನೂ ದಾಟಿ, ಚೆನ್ನಾಗಿದ್ದ ತೊಗಟೆಯಲ್ಲಿ ಹೊಸ ಕಲೆಗಳು. ಗಾಯಕ್ಕೂ ಹೊಸ ಕಲೆಗೂ ನಡುವೆ ತೊಗಟೆ ಹಸಿಯಾಗಿ, ಹಾಲು ತುಂಬಿ, ಆರೋಗ್ಯವಾಗಿತ್ತು. ಹಾಗಾದರೆ ರೋಗ ಆ ನಡುವಿನ ಜಾಗವನ್ನು ಹಾರಿ ಮೇಲೆ ಹೋದದ್ದು ಹೇಗೆ? ಬಾವಿಯ ಪಕ್ಕದ ಮರದಲ್ಲಿ ಮಾತ್ರ ಹೊರಗೆ ಏನೂ ಕಾಣಲಿಲ್ಲ.

ಅಧಿಕಾರಿಗಳು, “ಹೊರಗಿಂದ ಮತ್ತೆ ಹತ್ತಿದೆ. ಮಳೆ ಹನಿ ಸಿಡಿದು ಹೊಸ ಇನ್‌ಫೆಕ್ಷನ್. ಇನ್ನು ಸುಮ್ನೆ ಎಳೆದಾಡೋದು ಬೇಡ, ಎಲ್ಲಾ ಕಡಿಸಿಬಿಡೋಣ,” ಎಂದರು.

“ಸಾರ್, ಹೊರಗಿಂದಲ್ಲ ಅನ್ಸತ್ತೆ. ಮರದೊಳಗೆ ಅಡಗಿತ್ತು, ಒಳಗಿಂದಲೇ ಮೇಲೇರಿ ಆಚೆ ಬಂದಿದೆ.”

“ಮರದೊಳಗಾ? ಯಾವ ಪುಸ್ತಕದಲ್ಲಿದೇರೀ ಅದು?”

“ಪುಸ್ತಕದಲ್ಲಿಲ್ಲ ಸಾರ್.”

ಅವರು ನಕ್ಕರು, ಆದರೆ ಬಾಗಿಲು ಮುಚ್ಚಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ತೋರಿಸಬೇಕು, ಇಲ್ಲದಿದ್ದರೆ ಇಡೀ ತೋಟ ಕಡಿಯಲು ಬರೆದುಕೊಡುತ್ತೇನೆ ಎಂದರು. ನಾನು ಒಪ್ಪಿಕೊಂಡೆ.

ತೋರಿಸುವುದೆಂದರೆ ಮರದ ಚೂರಿನಿಂದ ಆ ಬೂಷ್ಟನ್ನು ಜೀವಂತವಾಗಿ ಹೊರಗೆ ಬೆಳೆಸಬೇಕು. ಅದಕ್ಕೆ ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಅಗರ್ ಬೇಕು. ಅಗರ್ ಬರುತ್ತಿದ್ದದ್ದು ಜಪಾನಿನಿಂದ. ಯುದ್ಧದಲ್ಲಿ ನಿಂತದ್ದು ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ನಮ್ಮ ಪ್ರಯೋಗಾಲಯದ ಸೀಸೆಯಲ್ಲಿ ತಳ ಕಾಣುತ್ತಿತ್ತು. ಆಗ ನನಗೆ ಚೀನಾ ಹುಲ್ಲು ನೆನಪಾಯಿತು. ಎರಡೂ ಒಂದೇ ಪದಾರ್ಥ, ಕಡಲ ಪಾಚಿಯದು. ಬ್ಲಾಕ್‌ಪಲ್ಲಿಯ ಮಸೀದಿ ಬೀದಿಯ ದಿನಸಿ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಒಳಗಿನ ಡಬ್ಬದಿಂದ ಹಳೇ ದಾಸ್ತಾನಿನ ಒಂದು ಕಟ್ಟು ತೆಗೆದರು.

“ರಂಜಾನ್‌ಗೇ ಅಂತ ಇಟ್ಟಿದ್ದು. ಹಾಲಲ್ಲಿ ಹಾಕ್ತೀರೋ, ರೂಹಫ್ಜಾದಲ್ಲಿ ಹಾಕ್ತೀರೋ ಸಾಬ್?”

“ಬೂಷ್ಟು ಬೆಳೆಸ್ತೀನಿ ಸಾಹೇಬ್ರೇ.”

“ತೌಬಾ ತೌಬಾ!” ಎಂದು ಕಟ್ಟನ್ನು ಮತ್ತೆ ಒಳಕ್ಕೆ ಎಳೆದುಕೊಂಡರು. ಮರಗಳ ಕಾಯಿಲೆಗೆ ಎಂದು ವಿವರಿಸಿದ ಮೇಲೆ ಕೊಟ್ಟರು. “ಜೆಲ್ಲಿ ಮಾಡಿ ತಿನ್ನೋದು ಬಿಟ್ಟು ಬೂಷ್ಟಿಗೆ ತಿನ್ನಿಸ್ತಾರಂತೆ,” ಎಂದು ಪಕ್ಕದವರಿಗೆ ಹೇಳುತ್ತಿದ್ದದ್ದು ಬೀದಿ ತಿರುಗುವವರೆಗೂ ಕೇಳಿಸಿತು.

ಚೀನಾ ಹುಲ್ಲು ಚೆನ್ನಾಗಿಯೇ ಹೆಪ್ಪುಗಟ್ಟಿತು. ಕೆಟ್ಟದ್ದು ಬೇರೆಯದೇ. ಹೊಸ ಕಲೆಯ ಕೆಳಗಿನ ಮರದಿಂದ ಚೂರು ತೆಗೆದು ತಟ್ಟೆಯಲ್ಲಿಟ್ಟರೆ ಎರಡನೇ ದಿನಕ್ಕೇ ತಟ್ಟೆ ತುಂಬ ಹಸಿರು ಬೂಷ್ಟು, ಅಂಟು ಅಂಟಾದ ಬ್ಯಾಕ್ಟೀರಿಯ. ಒದ್ದೆ ಮರದಲ್ಲಿ ನೂರೆಂಟು ಜೀವಿಗಳಿರುತ್ತವೆ. ನನಗೆ ಬೇಕಾದದ್ದು ನಿಧಾನದ್ದು, ಅದು ತಲೆ ಎತ್ತುವ ಮೊದಲೇ ಉಳಿದವು ತಟ್ಟೆಯನ್ನು ಆಕ್ರಮಿಸುತ್ತಿದ್ದವು. ಚೂರನ್ನು ಕ್ರಿಮಿ ಕೊಲ್ಲುವ ರಸಕರ್ಪೂರದ ನೀರಿನಲ್ಲಿ ಅದ್ದಿ ತೊಳೆದೆ. ಮೇಲಿನ ಹೊಲಸಿನ ಜೊತೆ ಒಳಗಿನದೂ ಸತ್ತಿತು. ಕಡಿಮೆ ಹೊತ್ತು ಅದ್ದಿದೆ, ಮತ್ತೆ ಹಸಿರು. ಚೀನಾ ಹುಲ್ಲಿನ ಕಟ್ಟು ಮುಗಿಯುತ್ತ ಬಂತು, ಮಳೆಗಾಲವೂ ಮುಂದೆ ಸರಿಯುತ್ತಿತ್ತು.

ಕೊನೆಗೆ ತಟ್ಟೆ ಬಿಟ್ಟು ಹಣ್ಣು ಹಿಡಿದೆ. ಗಟ್ಟಿಯಾದ ಹಸಿ ಹಣ್ಣಿನೊಳಗೆ ಎಲ್ಲ ಬೂಷ್ಟಿಗೂ ದಾರಿಯಿಲ್ಲ, ನೀರುಬೂಷ್ಟಿಗೆ ಇದೆ. ಸೇಬಿನಲ್ಲಿ ಮಾಡುತ್ತಾರೆಂದು ಓದಿದ್ದೆ. ನಮ್ಮ ಬೆಂಗಳೂರಿನ ನಾಟಿ ಪೇರ್, ಬೇರಿಕಾಯಿ, ಅದಕ್ಕಿಂತ ಗಟ್ಟಿ, ಅದರ ಕಾಲವೂ ಅದೇ. ಕಾಯನ್ನು ಸ್ಪಿರಿಟಿನಿಂದ ಒರೆಸಿ, ಸಣ್ಣ ತೂತು ಕೊರೆದು, ಮರದ ಚೂರು ತುರುಕಿ, ಮೇಣದಿಂದ ಮುಚ್ಚಿ ಕಪಾಟಿನಲ್ಲಿ ಸಾಲಾಗಿಟ್ಟೆ. ಕೆಲವು ದಿನಗಳಲ್ಲಿ ತೂತಿನ ಸುತ್ತ ಕಂದು ಬಣ್ಣ ಹರಡಿತು. ಮೆತ್ತಗಾಗದೆ, ಗಟ್ಟಿಯಾಗಿಯೇ ಕೊಳೆಯುವ ಕೊಳೆ. ಅದರ ಅಂಚಿನಿಂದ ಸಾಸಿವೆಯಷ್ಟು ತೆಗೆದು ತಟ್ಟೆಗೆ ಹಾಕಿದಾಗ ಬಂದದ್ದು ಶುದ್ಧ ಬಿಳಿ ಎಳೆ, ಬೇರೆ ಯಾವುದರ ಸೋಂಕೂ ಇಲ್ಲ.

ಆ ಎಳೆಯನ್ನು ಮಣ್ಣಿನ ಹೂಜಿಯ ತಣ್ಣೀರಿನಲ್ಲಿ ತೇಲಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಿಂಬೆಕಾಯಿ ಆಕಾರದ ಚೀಲಗಳು. ನೋಡುತ್ತಿದ್ದ ಹಾಗೆ ಒಂದು ಚೀಲದ ತುದಿ ಒಡೆದು ಒಳಗಿನಿಂದ ಕಣಗಳು ಒಂದರ ಹಿಂದೊಂದು ಜಾರಿ, ಸ್ವಲ್ಪ ಹೊತ್ತು ದಿಕ್ಕು ತೋಚದವುಗಳ ಹಾಗೆ ಗಿರಗಿರ ತಿರುಗಿ, ಆಮೇಲೆ ಈಜಿಕೊಂಡು ಹೋದವು. ಅಧಿಕಾರಿಗಳನ್ನು ಕರೆದೆ. ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು.

“ಬೂಷ್ಟು ಅದೇರೀ, ಅನುಮಾನ ಇಲ್ಲ. ಆದ್ರೆ ಮರದೊಳಗಿಂದ ಬಂತು ಅನ್ನೋದಕ್ಕೆ ಏನು? ತೊಗಟೆ ಕೆತ್ತುವಾಗ ನಿಮ್ಮ ಉಳಿಯೇ ಒಳಕ್ಕೆ ತಳ್ಳಿರಬಹುದು.”

ಸಿಟ್ಟು ಬಂತು, ಆದರೆ ಪ್ರಶ್ನೆ ನ್ಯಾಯವಾದದ್ದು. ಮರವನ್ನು ಸ್ಪಿರಿಟ್ ಮತ್ತು ಗ್ಲಿಸರಿನ್‌ನಲ್ಲಿ ನೆನೆಸಿ, ಕ್ಷೌರದ ಕತ್ತಿಯಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ನೀಲಿ ಬಣ್ಣ ಹಾಕಿ ನೋಡಿದೆ. ತೊಗಟೆಯಿಂದ ಮರದ ನಡುವಿಗೆ ಅಡ್ಡಲಾಗಿ ಓಡುವ ಸಣ್ಣ ಗೆರೆಗಳಿರುತ್ತವಲ್ಲ, ಮರ ತನ್ನ ಆಹಾರ ಕೂಡಿಡುವ ಜಾಗ, ಆ ಗೆರೆಗಳೊಳಗೆ ನೀಲಿ ಎಳೆ ಕಂಡಿತು. ಅಲ್ಲಿಂದ ಬೇರಿನ ನೀರು ಮೇಲೇರುವ ಕೊಳವೆಗಳ ಗೋಡೆಯ ಸಣ್ಣ ಕಿಂಡಿಯಲ್ಲಿ ನುಸುಳಿ ಕೊಳವೆಯೊಳಗೂ ಎಳೆ. ಅಡ್ಡಗೆರೆ ಅದರ ಬಾಗಿಲು, ಕೊಳವೆ ಅದರ ಏಣಿ. ನನ್ನ ಮಟ್ಟಿಗೆ ವಿಷಯ ಮುಗಿದಿತ್ತು. ಅಧಿಕಾರಿಗಳಿಗೆ ಮುಗಿಯಲಿಲ್ಲ.

“ಉಗುರಿನಷ್ಟು ಚೂರಲ್ಲಿ ಕಂಡಿದ್ದು ಉಗುರಿನಷ್ಟು ಸತ್ಯ. ಮರದಲ್ಲಿ ಎಷ್ಟು ಮೇಲಕ್ಕೆ ಹೋಗಿದೆ? ಎಷ್ಟು ಆಳಕ್ಕೆ? ಅದು ಗೊತ್ತಾಗದೆ ನಾನು ಏನೂ ಬರೆಯೋ ಹಾಗಿಲ್ಲ.”

ಅದಕ್ಕೆ ಉತ್ತರ ಒಂದೇ ಇತ್ತು. ಹೊರಗೆ ವಾಸಿಯಾದಂತೆ ಕಾಣುವ ಒಂದು ಮರವನ್ನು ಉರುಳಿಸಿ, ಉದ್ದಕ್ಕೆ ಸೀಳಿ ನೋಡುವುದು. ಕಾಯಿಲೆ ಎದ್ದು ಕಾಣುವ ಮರ ಸೀಳಿ ಪ್ರಯೋಜನವಿಲ್ಲ, ಹೊರಗಿನಿಂದ ಹತ್ತಿತೆಂದೇ ಹೇಳುತ್ತಾರೆ. ಹೊರಗೆ ಕಲೆಯೇ ಇಲ್ಲದ ಮರದ ಒಳಗೆ ಅದು ಸಿಗಬೇಕು. ಹಾಗೆ ವಾಸಿಯಾದ ಮರ ಆ ತೋಟದಲ್ಲಿ ಇದ್ದದ್ದು ಬಾವಿಯ ಪಕ್ಕದ್ದೊಂದೇ.

ಯಜಮಾನಿಗೆ ನೇರವಾಗಿ ಹೇಳಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

“ಏನು? ಹುಷಾರಾಗಿರೋ ಮರಾನಾ?”

“ಹುಷಾರಾಗಿಲ್ಲಮ್ಮಾ. ಹಾಗೆ ಕಾಣ್ತಿದೆ ಅಷ್ಟೇ. ಅದರೊಳಗೆ ರೋಗ ಇದೆ ಅಂತ ನಾನು ಹೇಳ್ತೀನಿ.”

“ಇಲ್ದೇ ಹೋದ್ರೆ?”

“ಇಲ್ದೇ ಹೋದ್ರೆ ಒಳ್ಳೇ ಮರ ಒಂದನ್ನ ನಾನು ಕೊಂದ ಹಾಗೆ. ಉಳಿದದ್ದನ್ನೂ ಕಡೀತಾರೆ.”

“ಇದ್ರೆ?”

“ಎಷ್ಟು ದೂರ ಹೋಗಿದೆ ಅಂತ ಗೊತ್ತಾಗತ್ತೆ. ಅಷ್ಟು ದೂರ ಅಟ್ಟಿಸ್ಕೊಂಡು ಹೋಗಿ ತೆಗೀತೀನಿ. ಉಳಿದ ಮರ ಉಳಿಯತ್ತೆ.”

ಅವಳು ಎದ್ದು ಹೋಗಿ ಆ ಮರದ ಬುಡದಲ್ಲಿ ಕೂತಳು. ಮೇಲೆ ಆ ವರ್ಷದ ಕೊನೆಯ ಹಣ್ಣುಗಳು ಇನ್ನೂ ತೂಗುತ್ತಿದ್ದವು. ಅವನ್ನು ಒಂದೊಂದಾಗಿ ಎಣಿಸಿ ಅಲ್ಲಿಂದಲೇ ಕೂಗಿದಳು: “ಮೊದ್ಲು ಹಣ್ಣು ಇಳಿಸ್ಕೋತೀನಿ. ಆಮೇಲೆ ಬಾ.”

ಇನ್ನು ಸೀಳುವ ಕೆಲಸ. ಡಿಪೋ ಸಾಹುಕಾರರು ಗರಗಸ, ಆಳು ಎರಡನ್ನೂ ಕೊಡಲು ಒಪ್ಪಿದರು. ಒಳಗೆ ಎಂಥ ಮರವಿದೆ ಎಂದು ಅವರಿಗೂ ನೋಡಬೇಕಿತ್ತು. ಆದರೆ ನನ್ನ ಕರಾರು ಕೇಳಿ ಆಳುಗಳು ಹಿಂದೆ ಸರಿದರು. ಗರಗಸಕ್ಕೆ ಎಣ್ಣೆ ಹಚ್ಚುವ ಹಾಗಿಲ್ಲ. ಬೆಂಕಿ ತೋರಿಸಿ ಸ್ಪಿರಿಟಿನಿಂದ ಒರೆಸಿದ ಒಣ ಗರಗಸವೇ ಆಗಬೇಕು. ಬುಡದ ಕಡೆಯಿಂದ ಶುರು ಮಾಡುವಂತಿಲ್ಲ. ತಲೆಯ ಕಡೆಯಿಂದ ಬುಡಕ್ಕೆ ಬರಬೇಕು. ಇಲ್ಲದಿದ್ದರೆ ಬುಡದ ರೋಗವನ್ನು ಗರಗಸದ ಹಲ್ಲೇ ಮೇಲಕ್ಕೆ ಒಯ್ದಿತು ಎನ್ನುತ್ತಾರೆ. ಹಸಿ ಹಲಸು, ಅಂಟು ಹಾಲು, ಎಣ್ಣೆಯಿಲ್ಲದ ಗರಗಸ. ಯಾರು ಎಳೆಯುತ್ತಾರೆ?

“ನಾನ್ ಎಳೀತೀನಿ,” ಎಂದ ಅಪ್ಪ. “ಕೆಳಗೆ ಯಾರು?”

“ನಾನು.”

ಸಾಹುಕಾರರು ಬಾಯಿಗೆ ಹಾಕುತ್ತಿದ್ದ ಎಲೆ ಹಾಗೇ ನಿಲ್ಲಿಸಿದರು. “ಅರೆ, ಏನ್ ಸಾಬ್! ನಿಮ್ದು ಆಫೀಸ್ ಪ್ಯಾಂಟು?”

“ಪ್ಯಾಂಟು ಬಿಚ್ಚಿ ಪಂಚೆ ಉಟ್ಕೊಳೋ,” ಎಂದ ಅಪ್ಪ. “ಹಲಸಿನ ಪುಡಿ ಬಟ್ಟೆಗೆ ಹತ್ತಿದ್ರೆ ಜನ್ಮಕ್ಕೂ ಬಿಡಲ್ಲ. ಬಿ.ಎಸ್ಸಿ. ಓದಿಸಿ ಓದಿಸಿ ಕೊನೆಗೂ ಗುಂಡಿಗೇ ಇಳಿಸಿದೆ, ನೋಡಿ ಸಾಹುಕಾರ್ರೇ.”

ಮರ ಕೆಡವಿ, ತೋಟದಲ್ಲೇ ಆಳೆತ್ತರದ ಗುಂಡಿ ತೋಡಿ, ಅದರ ಮೇಲೆ ತೊಲೆಗಳಿಟ್ಟು ದಿಮ್ಮಿ ಉರುಳಿಸಿದ್ದರು. ಮೇಲೆ ನಿಂತವನು ಗೆರೆ ನೋಡುತ್ತಾನೆ, ಕೆಳಗಿನವನು ಎಳೆಯುತ್ತಾನೆ, ಪುಡಿಯೆಲ್ಲ ಅವನ ತಲೆಯ ಮೇಲೆ. ಹೈಸ್ಕೂಲಿನ ರಜೆಗಳಲ್ಲಿ ನಾನು ಎಳೆದವನೇ. ಕಾಲೇಜಿಗೆ ಸೇರಿದ ಮೇಲೆ ಮುಟ್ಟಿರಲಿಲ್ಲ. ಮೊದಲ ಹತ್ತು ಎಳೆತಕ್ಕೇ ಅಂಗೈ ಸುಟ್ಟಿತು. “ತೂಕ ಹಾಕ್ಬೇಡ, ಬರೀ ಎಳಿ,” ಎಂದು ಮೇಲಿನಿಂದ ಅಪ್ಪ. ಆಮೇಲೆ ತೋಳುಗಳಿಗೆ ಹಳೆಯ ಲಯ ತಾನಾಗಿ ನೆನಪಾಯಿತು. ಹಾಲಿಗೆ ಗರಗಸದ ಹಲ್ಲು ಕಚ್ಚಿಕೊಂಡಾಗಲೆಲ್ಲ ನಿಲ್ಲಿಸಿ, ಸ್ಪಿರಿಟಿನ ಬಟ್ಟೆಯಿಂದ ಒರೆಸಿ, ಮತ್ತೆ ಎಳೆದೆವು. ಅಧಿಕಾರಿಗಳು ಕೊಡೆ ಹಿಡಿದು ನಿಂತಿದ್ದರು. ನನ್ನನ್ನು ಪಂಚೆಯಲ್ಲಿ, ತಲೆಯಿಂದ ಕಾಲಿನವರೆಗೆ ಹಳದಿಯಾಗಿ ನೋಡಿದ್ದು ಅವರು ಅದೇ ಮೊದಲು. ಯಜಮಾನಿ ದೂರದಲ್ಲಿ ಬೆನ್ನು ಮಾಡಿ ಕೂತಿದ್ದಳು.

ಗರಗಸ ಬುಡ ಮುಟ್ಟಿತು. ಬೆಣೆ ಹೊಡೆದು ಅಪ್ಪ ದಿಮ್ಮಿಯನ್ನು ಎರಡು ಹೋಳು ಮಾಡಿ ಮಗ್ಗುಲಿಗೆ ತಿರುಗಿಸಿದ. ನಾನು ಗುಂಡಿಯಿಂದ ಹತ್ತಿ ಬರುವಷ್ಟರಲ್ಲಿ ಎಲ್ಲರೂ ಬಗ್ಗಿ ನೋಡುತ್ತಿದ್ದರು.

ನಡುವೆ ಅರಿಸಿನದ ಬಣ್ಣದ ಗಟ್ಟಿ ಚೇಗು, ಅದರ ಎರಡೂ ಕಡೆ ಬಿಳಿ ಮರ. ಎಡಗಡೆಯ ಬಿಳಿಯಲ್ಲಿ, ವಾಸಿಯಾದ ಗಾಯದ ಹೊಸ ತೊಗಟೆಯ ಹಿಂದೆಯೇ, ಹೆಬ್ಬೆರಳಗಲದ ಕಂದು ಗೆರೆ. ಅಲ್ಲಿಂದ ನೇರ ಮೇಲಕ್ಕೆ ಹೋಗಿತ್ತು. ಕೆಮ್ಮಣ್ಣು ದಾಟಿ, ಸುಣ್ಣದ ಪಟ್ಟೆ ದಾಟಿ, ಹೊರಗೆ ತೊಗಟೆ ಹಾಲು ತುಂಬಿ ನಳನಳಿಸುತ್ತಿದ್ದ ಜಾಗದಲ್ಲೂ ಒಂದು ಮೊಳಕ್ಕಿಂತ ಹೆಚ್ಚು ಏರಿ, ದೀಪದ ಬತ್ತಿಯ ಹಾಗೆ ಸಣ್ಣಗಾಗಿ ಮುಗಿದಿತ್ತು. ಅಡ್ಡಕ್ಕೆ ಹೆಚ್ಚು ಹರಡಿರಲಿಲ್ಲ. ಚೇಗನ್ನು ಮುಟ್ಟಿರಲಿಲ್ಲ.

“ಚೇಗು ಸಾಫ್!” ಎಂದರು ಸಾಹುಕಾರರು ಖುಷಿಯಿಂದ. “ಬಿಳೀದು ಹೆಂಗೂ ಕೆತ್ತಿ ಬಿಸಾಕೋದೇ.”

ಕಣ್ಣಿಗೆ ಕಂಡದ್ದು ಸಾಲದು. ಬೆಂಕಿಯಲ್ಲಿ ಕಾಯಿಸಿದ ಉಳಿಯಿಂದ ಗೆರೆಯುದ್ದಕ್ಕೂ, ಗೆರೆಯಾಚೆಗೂ, ಅಕ್ಕಪಕ್ಕದಿಂದಲೂ, ಚೇಗಿನಿಂದಲೂ ಚೂರು ತೆಗೆದು ಬೇರಿಕಾಯಿಗಳಲ್ಲಿ ತುರುಕಿದೆ. ಗೆರೆಯ ಚೂರುಗಳಿದ್ದ ಕಾಯಿಗಳೆಲ್ಲ ಕಂದಾದವು. ಗೆರೆಯ ತುದಿಯಿಂದ ನಾಲ್ಕು ಬೆರಳಿನವರೆಗೆ, ಮರ ಬೆಳ್ಳಗೆ ಕಾಣುತ್ತಿದ್ದ ಜಾಗದ ಚೂರುಗಳಿದ್ದವೂ ಕಂದಾದವು. ಅದರಾಚೆಯವು, ಚೇಗಿನವು, ಹಸಿರಾಗಿಯೇ ಉಳಿದವು.

ಅಧಿಕಾರಿಗಳು ಕಾಯಿಗಳನ್ನು ಒಂದೊಂದಾಗಿ ಹೆಚ್ಚಿ ನೋಡಿದರು. “ಪುಸ್ತಕ ತಪ್ಪು ಅಂತ ನಾನು ಹೇಳಲ್ಲ. ಆ ಪುಸ್ತಕ ಬರೆದವನು ಹಲಸು ಕೊಯ್ದಿಲ್ಲ ಅಂತ ಮಾತ್ರ ಹೇಳ್ತೀನಿ,” ಎಂದರು. ನಾನು ಹಿಗ್ಗುವಷ್ಟರಲ್ಲಿ ಮುಂದಿನ ಮಾತು ಬಂತು. “ಆದ್ರೆ ಮರದೊಳಗೆ ಇದೆ ಅಂದ್ಮೇಲೆ ಕಡಿಯೋಕೆ ಇನ್ನೂ ಒಳ್ಳೆ ಕಾರಣ ಸಿಕ್ಕಿತಲ್ರೀ? ಒಳಗೆ ಹೋಗಿರೋದನ್ನ ತೆಗೆದ್ರೂ ಮತ್ತೆ ಮತ್ತೆ ಹತ್ತುತ್ತಿದ್ರೆ?”

ಅದು ಸರಿಯಾದ ಪ್ರಶ್ನೆ. ರೋಗ ಎಲ್ಲಿ ಅಡಗುತ್ತದೆ ಎಂದು ತೋರಿಸಿದ್ದೆ. ಒಳಗೆ ಹೇಗೆ ಬರುತ್ತಿದೆ ಎಂದು ತೋರಿಸಿರಲಿಲ್ಲ.

ಮತ್ತೆ ತೋಟಕ್ಕೆ ಹೋಗಿ ಈ ಸಲ ಮರಗಳನ್ನಲ್ಲ, ಬಣ್ಣವನ್ನು ನೋಡಿದೆ. ಮೊದಲ ಕಲೆಗಳೆಲ್ಲ ಕೆಂಪಿನಲ್ಲೇ ಇದ್ದವು, ಸುಣ್ಣದಲ್ಲಿ ಒಂದೂ ಹುಟ್ಟಿರಲಿಲ್ಲ. ತೋಟದ ತುದಿಯಲ್ಲಿ, ಡೇರೆಗಳು ತಲುಪದ ಮೂಲೆಯಲ್ಲಿ, ಬಣ್ಣ ಕಾಣದ ಮರಗಳು ಕಾಡುಗೂಸುಗಳ ಹಾಗೆ ಒರಟಾಗಿ ಬೆಳೆದು ಆರೋಗ್ಯವಾಗಿದ್ದವು. ಯಜಮಾನಿಯನ್ನು ಕೇಳಿದೆ, ಬಣ್ಣ ಹೇಗೆ ಬಳಿಯುತ್ತೀರಿ?

“ಮಿಲಿಟರಿಯೋರು ಮಾಡ್ತಿದ್ದ ಹಂಗೇ. ಮಚ್ಚಿನಲ್ಲಿ ತೊಗಟೆ ಚೆನ್ನಾಗಿ ಹೆರೆದು ನುಣ್ಣಗೆ ಮಾಡ್ಬೇಕು, ಇಲ್ದಿದ್ರೆ ಕೆಮ್ಮಣ್ಣು ನಿಲ್ಲಲ್ಲ. ಆಮೇಲೆ ಕಲಸಿ ಬಳಿಯೋದು.”

“ಕಲಸೋಕೆ ನೀರು?”

“ಅಲ್ಲೇ ಗುಂಡೀದು. ಬಣ್ಣಕ್ಕೂ ಬಾವಿ ನೀರು ಸೇದ್ಲಾ?”

ಗುಂಡಿಯೆಂದರೆ 'ಸೋಲ್ಜರುಗಳ ಸ್ನಾನದ ನೀರು ಹರಿದು ನಿಲ್ಲಲಿ' ಎಂದು ತೋಡಿದ್ದು. ಈಗ ಅದರಲ್ಲಿ ಮಳೆ ನೀರು ನಿಂತು, ಉದುರಿದ ಹಲಸಿನ ಹೀಚುಗಳು, ಕೆತ್ತಿ ಬಿಸಾಡಿದ ತೊಗಟೆ ಕೊಳೆಯುತ್ತಿದ್ದವು. ಸುಣ್ಣ ಮಾತ್ರ ಕುದಿಸಿದ ಹಾಗೆ ಅರಳಿಸಿ ಬಳಿಯುವುದರಿಂದ ಅದರಲ್ಲಿ ಯಾವುದೂ ಬದುಕುವಂತಿರಲಿಲ್ಲ. ಕೆಮ್ಮಣ್ಣು ಬಳಿದಾಗಲೆಲ್ಲ ಮರ ಮರಕ್ಕೂ ಹಸಿ ಗಾಯ ಮಾಡಿ, ಅದರ ಮೇಲೆ ಈಜುವ ಬೀಜಕಣಗಳ ನೀರನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ಬಳಿದಂತಾಗಿತ್ತು.

ಬಾಯಲ್ಲಿ ಹೇಳಲಿಲ್ಲ. ಅವಳ ಎದುರಿಗೇ ಎರಡು ಬಕೆಟ್ಟುಗಳಲ್ಲಿ ಕೆಮ್ಮಣ್ಣು ಕಲಸಿದೆ, ಒಂದಕ್ಕೆ ಗುಂಡಿಯ ನೀರು, ಇನ್ನೊಂದಕ್ಕೆ ಕಾಯಿಸಿ ಆರಿಸಿದ ಬಾವಿ ನೀರು. ಎರಡರಲ್ಲೂ ಬೇರಿಕಾಯಿ ತೇಲಿಬಿಟ್ಟು ಅವಳ ಜಗಲಿಯ ಮೇಲೇ ಇಟ್ಟು ಬಂದೆ. ವಾರ ಕಳೆದು ಅಧಿಕಾರಿಗಳನ್ನೂ ಕರೆದುಕೊಂಡು ಹೋದಾಗ ಅವಳು ಕಾಯಿಗಳನ್ನು ತೊಳೆದು ಪಕ್ಕಪಕ್ಕ ಇಟ್ಟಿದ್ದಳು. ಗುಂಡಿ ನೀರಿನ ಕಾಯಿಗಳ ಮೇಲೆ, ನೀರು ತಾಗುವ ಗೆರೆಯ ಉದ್ದಕ್ಕೂ ಕಂದು ಚುಕ್ಕೆಗಳು. ಇನ್ನೊಂದು ಬಕೆಟ್ಟಿನವು ಹಾಗೇ ಇದ್ದವು.

“ಅಂದ್ರೆ ನಾನೇ ಹಚ್ಚಿದ್ನೇನಪ್ಪಾ?”

“ಹೌದಮ್ಮಾ. ಮೊದಲು ಅವರು. ಆಮೇಲೆ ನೀವು.”

ಅಧಿಕಾರಿಗಳು ನನ್ನ ತೋಳು ಹಿಂಡಿದರು, ಇಷ್ಟು ಒರಟಾಗಿ ಹೇಳಬೇಕಿತ್ತೇ ಎಂಬಂತೆ. ಆದರೆ ಅವಳು ಅಳಲಿಲ್ಲ. ಕೆಮ್ಮಣ್ಣಿನ ಬಕೆಟ್ಟು ಎತ್ತಿಕೊಂಡು ಹೋಗಿ ಬೇಲಿಯಾಚೆ ಸುರಿದು, ಬರಿಗೈ ಒರೆಸಿಕೊಳ್ಳುತ್ತ ಬಂದು ಕೇಳಿದಳು: “ಈಗ ಏನ್ ಮಾಡ್ಬೇಕು ಹೇಳು.”

ಅಧಿಕಾರಿಗಳು ಅಲ್ಲೇ ತೀರ್ಮಾನ ಹೇಳಿದರು. ತೋಟ ಕಡಿಯುವುದಿಲ್ಲ, ಕಂದು ಗೆರೆ ಸುತ್ತುವರಿದ ಮರಗಳು ಮಾತ್ರ.

ಮಳೆ ನಿಂತ ಮೇಲೆ ಕೆಲಸ ಶುರುವಾಯಿತು. ಗುಂಡಿ ಬತ್ತಿಸಿ ಸುಣ್ಣ ಸುರಿದು ಮುಚ್ಚಿದೆವು. ಪ್ರತಿ ಮರದಲ್ಲೂ ಈ ಸಲ ಗಾಯವನ್ನು ದುಂಡಗೆ ಕೆತ್ತದೆ ದೋಣಿಯ ಆಕಾರಕ್ಕೆ ಕೆತ್ತಿದೆ. ಅಗಲ ಕಡಿಮೆ, ಉದ್ದ ಹೆಚ್ಚು, ಎರಡೂ ತುದಿ ಚೂಪು. ತೊಗಟೆ ತೆಗೆದು ನಿಲ್ಲದೆ, ಬಿಳಿ ಮರದ ಕಂದು ಗೆರೆಯನ್ನು ಉಳಿಯಿಂದ ಹಿಂಬಾಲಿಸಿ, ಅದು ಮುಗಿದ ಮೇಲೂ ನಾಲ್ಕು ಬೆರಳು ಮುಂದೆ ಹೋಗಿ ನಿಲ್ಲಿಸಿದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಉಳಿಗೆ ಬೆಂಕಿ. ನಂತರ ಮುಲಾಮು. ಗೆರೆ ಬುಡದ ಸುತ್ತಲೂ ಬಂದಿದ್ದ ಕೆಲವು ಮರಗಳನ್ನು ಉಳಿಸಲಾಗಲಿಲ್ಲ, ಅವು ಸಾಹುಕಾರರ ಗಾಡಿ ಏರಿದವು. ಅವನ್ನು ಕೊಯ್ದದ್ದು ಅಪ್ಪನೇ. ಈ ಸಲ ಎಣ್ಣೆ ಹಚ್ಚಿಕೊಂಡು, ಆರಾಮಾಗಿ.

ಮರುವರ್ಷದ ಮುಂಗಾರಿನಲ್ಲಿ ನಾನು ಮಳೆ ಬಿದ್ದಾಗಲೆಲ್ಲ ಅಲ್ಲಿಗೆ ಹೋಗಿ ಮರಗಳ ಮೈ ತಡವಿ ನೋಡುತ್ತಿದ್ದೆ. ಮಳೆ ಜೋರಾಗಿಯೇ ಬಂತು. ಗಾಯಗಳ ಮೇಲೆ ಹೊಸ ಕಲೆ ಬರಲಿಲ್ಲ. ಕೊನೆಯ ಸಲ ಅಧಿಕಾರಿಗಳೂ ಬಂದು, ಮರ ಮರವೂ ನೋಡಿ, ನನ್ನ ಕೈ ಕುಲುಕಿ ಹೋದರು. ನನ್ನ ಕೆಲಸ ಖಾಯಂ ಆದದ್ದು ಅದೇ ವರ್ಷ.

ಯಜಮಾನಿ ಮಾತ್ರ ಗೊಣಗುತ್ತಿದ್ದಳು. “ಬಣ್ಣ ಇಲ್ದೆ ಬೋಳು ಬೋಳು ಕಾಣ್ತವೆ. ಕೆಲ್ಸ ಕಳ್ಕೊಂಡ ಪೊಲೀಸ್ನೋರ ಹಂಗೆ.” ಕೆಮ್ಮಣ್ಣು ಈಗ ಬಾವಿಕಟ್ಟೆಗೆ, ಗೇಟಿನ ಕಲ್ಲುಗಳಿಗೆ ಏರಿತ್ತು.

ಅಧಿಕಾರಿಗಳು ಕೈ ಕುಲುಕಿ ಹೋದ ದಿನ ಅವಳು ನನ್ನನ್ನು ಜಗಲಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಮಿಲಿಟರಿಯವರು ಬಿಟ್ಟುಹೋದ ಬಿಸ್ಕತ್ತಿನ ಡಬ್ಬಗಳಲ್ಲಿ ಹಲಸಿನ ಸಸಿಗಳು. ಬಾವಿ ಪಕ್ಕದ ಮರದ ಕೊನೆಯ ಹಣ್ಣುಗಳ ಬೀಜ ನೆಟ್ಟಿದ್ದಳು. ಹಳೆಯ ಜಾಗದಲ್ಲೇ ಇಡಬೇಕೆಂದು ಗುದ್ದಲಿಯನ್ನೂ ತಂದಿದ್ದಳು. ಅಲ್ಲಿ ಬೇಡ, ಆ ಮಣ್ಣಿನಲ್ಲಿ ರೋಗ ಇನ್ನೂ ಇರುತ್ತದೆ ಎಂದು ಎತ್ತರದ ಜಾಗ ತೋರಿಸಿದೆ. ದಿಬ್ಬ ಏರಿಸಿ, ಬುಡಕ್ಕೆ ನೀರು ನಿಲ್ಲದಂತೆ ಸುತ್ತಲೂ ಇಳಿಜಾರು ಮಾಡಿ ನಾನೇ ನೆಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಅಭ್ಯಾಸ, ಹೇಳಿಬಿಟ್ಟೆ:

“ಅಮ್ಮಾ, ಒಂದು ಮಾತು. ಬೀಜದಿಂದ ಬಂದ ಹಲಸು ತಾಯಿ ಮರದ ಹಾಗೇ ಬರುತ್ತೆ ಅಂತ ಹೇಳೋಕಾಗಲ್ಲ. ಅದೇ ಸಿಹಿ ಬರದೇ ಇರಬಹುದು.”

ಅವಳು ಬಾವಿಯಿಂದ ಸೇದಿದ ನೀರನ್ನು ಬುಡಕ್ಕೆ ತಾಗದಂತೆ ದೂರದಿಂದ ಸುತ್ತಲೂ ಹೊಯ್ದಳು. ಬಿಂದಿಗೆ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ನಿಮ್ಮಪ್ಪ ಗರಗಸ ಎಳೆಯೋನು. ನೀನು ಬಿ.ಎಸ್ಸಿ. ತಾಯಿ ಥರಾನೇ ಬರ್ಲಿ ಅಂತ ನಾನ್ಯಾವಾಗಪ್ಪಾ ಕೇಳ್ದೆ? ಬಂದ್ರೆ ಸಾಕು.”